ಪಾದ್ರಿಗೂ ರಬ್ಬಿಗೂ ಒಂದೇ ಮುಖ: ಕವಲೆರೊವಿಚ್ ಚಿತ್ರದಲ್ಲಿ ಪಿಶಾಚಬಾಧೆ

ಫ್ರಾನ್ಸಿನ ಲೂದಾನ್ ಪಟ್ಟಣದ ಉರ್ಸುಲೀನ್ ಸನ್ಯಾಸಿನಿಯರಿಗೆ ಮಾಟ ಮಾಡಿ ದೆವ್ವ ಹಿಡಿಸಿದನೆಂದು ಊರ ಪಾದ್ರಿ ಉರ್ಬೇನ್ ಗ್ರಾಂಡಿಯೇನನ್ನು 1634ರ ಆಗಸ್ಟ್‌ನಲ್ಲಿ ಜೀವಂತ ಸುಟ್ಟರು. ಕೆನ್ ರಸೆಲ್ ಅವರ ‘ದಿ ಡೆವಿಲ್ಸ್’ (1971) ಆ ಚಿತೆಯತ್ತ ಸಾಗುವ ಚಿತ್ರ. ಅದಕ್ಕೂ ಹತ್ತು ವರ್ಷ ಮೊದಲು ಪೋಲೆಂಡಿನ ಯೆರ್ಜಿ ಕವಲೆರೊವಿಚ್ ‘ಮದರ್ ಜೋನ್ ಆಫ್ ದಿ ಏಂಜೆಲ್ಸ್’ (1961) ತೆಗೆದಾಗ, ಕಥೆಯನ್ನು ಚಿತೆ ಆರಿದ ಮೇಲೆ ಆರಂಭಿಸಿದರು. ಯಾರೊಸ್ವಾವ್ ಇವಾಶ್ಕೆವಿಚ್ ಬರೆದ ನೀಳ್ಗತೆ ಈ ಚಿತ್ರಕ್ಕೆ ಆಧಾರ. ಮಾಟಗಾರ ಸತ್ತಿದ್ದಾನೆ, ದೆವ್ವ ಬಿಟ್ಟಿಲ್ಲ. ಹಾಗಾದರೆ ಅದು ಬಂದದ್ದೆಲ್ಲಿಂದ? ಇಡೀ ಚಿತ್ರ ಈ ಪ್ರಶ್ನೆಯ ಮೇಲೆ ನಿಂತಿದೆ.

‘ಹೆಕ್ಸಾನ್’ (1922) ಚಿತ್ರದಲ್ಲಿ ನಿರ್ದೇಶಕ ಬೆಂಜಮಿನ್ ಕ್ರಿಸ್ಟೆನ್ಸನ್ ತಾವೇ ಸೈತಾನನ ವೇಷ ಹಾಕಿದ್ದರು. ಕವಲೆರೊವಿಚ್ ಅವರಲ್ಲಿ ಸೈತಾನನಿಗೆ ವೇಷವೇ ಇಲ್ಲ. ದೆವ್ವ ಹಿಡಿದ ಮದರ್ ಜೋನ್ ಪಾತ್ರ ಮಾಡಿರುವ ಲುಟ್ಸಿನಾ ವಿನ್ನಿತ್ಸ್ಕಾ ಅವರ ಮುಖ, ದನಿ, ಬೆನ್ನು ಬಾಗುವ ರೀತಿ ಇಷ್ಟೇ ಅವನ ಇರವು. ಉಚ್ಚಾಟನೆಗೆ ಬಂದ ಫಾದರ್ ಸೂರಿನ್ ಉತ್ತರ ಕಾಣದೆ ಯೆಹೂದಿ ರಬ್ಬಿಯ ಬಳಿ ಹೋಗುತ್ತಾನೆ. ಆ ದೃಶ್ಯದಲ್ಲಿ ಎರಡೂ ಪಾತ್ರ ಮಾಡಿರುವುದು ಮಿಯೆಚಿಸ್ವಾವ್ ವೊಯಿತ್ ಒಬ್ಬರೇ. ಕ್ಯಾಮೆರಾ ಒಂದು ಮುಖದಿಂದ ಇನ್ನೊಂದಕ್ಕೆ ಹೊರಳಿದಾಗ ಅದೇ ಕಣ್ಣು ಗಡ್ಡದ ಮರೆಯಿಂದ ತನ್ನನ್ನೇ ನೋಡುತ್ತದೆ. ಬಾಧೆಯೆನ್ನುವುದು ಮನುಷ್ಯಸ್ವಭಾವವೇ ಇರಬಹುದಲ್ಲವೇ ಎಂಬ ಶಂಕೆಯನ್ನು ರಬ್ಬಿ ಮುಂದಿಡುತ್ತಾನೆ. ಪಿಶಾಚಬಾಧೆಯ ಕುರಿತು ಸಿನಿಮಾ ಮಾಡಿರುವ ಅತ್ಯಂತ ಗಂಭೀರ ವಿಚಾರ ಈ ದ್ವಿಪಾತ್ರದಲ್ಲೇ ಇದೆಯೆಂದು ನನ್ನ ನಂಬಿಕೆ: ಹಿಡಿದದ್ದು, ಹಿಡಿಸಿಕೊಂಡವನು, ಬಿಡಿಸಲು ಬಂದವನು ಬೇರೆಬೇರೆಯಲ್ಲ.

ಆದ್ದರಿಂದಲೇ ಮಂತ್ರ, ತೀರ್ಥ, ಶಿಲುಬೆ ಯಾವುದೂ ಇಲ್ಲಿ ಫಲ ಕೊಡುವುದಿಲ್ಲ. ಒಣಹಾಕಿದ ಬಿಳಿಬಟ್ಟೆಗಳ ನಡುವೆ ಸೂರಿನ್ ಮತ್ತು ಜೋನ್ ತಮ್ಮನ್ನು ತಾವೇ ಚಾವಟಿಯಿಂದ ಹೊಡೆದುಕೊಳ್ಳುತ್ತಾರೆ. ಅವರಿಗೆ ಸಾಧ್ಯವಿರುವ ಸಾಮೀಪ್ಯ ಅದೊಂದೇ. ಕೊನೆಗೆ ದೆವ್ವ ತನ್ನಲ್ಲೇ ಉಳಿಯಲಿ, ಅವಳು ಪಾರಾಗಲಿ ಎಂದು ಸೂರಿನ್ ಕೊಡಲಿಯಿಂದ ಇಬ್ಬರು ನಿರಪರಾಧಿಗಳನ್ನು ಕೊಲ್ಲುತ್ತಾನೆ. ಇದನ್ನು ಪ್ರೇಮದ ತ್ಯಾಗವೆಂದಷ್ಟೇ ಓದುವವರು ಆ ಇಬ್ಬರ ಹೆಣಗಳನ್ನು ಮರೆಯುತ್ತಾರೆ.

ಕಾನ್ ಉತ್ಸವದ ತೀರ್ಪುಗಾರರ ವಿಶೇಷ ಬಹುಮಾನ ಪಡೆದ ಈ ಚಿತ್ರದ ದಾರಿಯನ್ನು ಯುರೋಪಿನ ಮಾರುಕಟ್ಟೆ ಮುಂದುವರಿಸಲಿಲ್ಲ. ‘ದಿ ಎಕ್ಸಾರ್ಸಿಸ್ಟ್’ (1973) ಗೆದ್ದೊಡನೆ ಇಟಲಿಯಲ್ಲಿ ಅದೇ ಜಾಡಿನ ‘ಲಾಂಟಿಕ್ರಿಸ್ಟೊ’, ‘ಕಿ ಸೇಯಿ?’ (ಎರಡೂ 1974) ಬಂದವು. ಮಾರಿಯೊ ಬಾವಾ ಅವರ ‘ಲೀಸಾ ಆ್ಯಂಡ್ ದಿ ಡೆವಿಲ್’ ಚಿತ್ರಕ್ಕಾದದ್ದು ಹೆಚ್ಚು ನೋವಿನ ಸಂಗತಿ. ಕೊಳ್ಳುವವರಿಲ್ಲದೆ ಉಳಿದ ಆ ಕನಸಿನಂಥ ಚಿತ್ರವನ್ನು ನಿರ್ಮಾಪಕ ಆಲ್ಫ್ರೆಡೊ ಲಿಯೋನೆ ಕತ್ತರಿಸಿ, ಆಸ್ಪತ್ರೆಯ ಹಾಸಿಗೆ, ವಾಂತಿ, ಉಚ್ಚಾಟಕ ಪಾದ್ರಿ ಎಲ್ಲವನ್ನೂ ಹೊಸದಾಗಿ ಸೇರಿಸಿ 1975ರಲ್ಲಿ ‘ದಿ ಹೌಸ್ ಆಫ್ ಎಕ್ಸಾರ್ಸಿಸಮ್’ ಎಂದು ಬಿಡುಗಡೆ ಮಾಡಿದರು. ಬಾವಾ ಅವರ ಮೂಲ ಚಿತ್ರದಲ್ಲಿ ಉಚ್ಚಾಟನೆಯೇ ಇರಲಿಲ್ಲ.