ರಷ್ಯನ್ನರ ‘ತ್ಮಾ’, ಸಂಸ್ಕೃತದ ‘ತಮಸ್ಸು’

ರಷ್ಯನ್ ಭಾಷೆಯಲ್ಲಿ ಕತ್ತಲೆಗೆ ‘ತ್ಮಾ’ ಅಂತಾರೆ. ಟಾಲ್‌ಸ್ಟಾಯ್ 1886ರಲ್ಲಿ ಬರೆದ ‘ಕತ್ತಲೆಯ ಶಕ್ತಿ’ ನಾಟಕದ ಮೂಲ ಹೆಸರಲ್ಲಿ ಇರೋದು ಇದೇ ಪದ. ಕೇಳಿದ ತಕ್ಷಣ ನಮಗೆ ‘ತಮಸ್ಸು’ ನೆನಪಾಗುತ್ತೆ, ಅಲ್ವಾ? ನಿಜ, ಇವೆರಡೂ ನೆಂಟರೇ. ಆದರೆ ನೆಂಟಸ್ತನ ರಷ್ಯನ್‌ಗೂ ಸಂಸ್ಕೃತಕ್ಕೂ ಮಾತ್ರ. ಕನ್ನಡಕ್ಕೆ ತಮಸ್ಸು ಸಂಸ್ಕೃತದಿಂದ ಬಂದಿದ್ದು. ನಮ್ಮ ‘ಕತ್ತಲೆ’ ದ್ರಾವಿಡ ಮನೆತನದ್ದು.

ಸದ್ದು ಹೊಂದಿದ್ರೆ ಸಾಕಾ? ಸಾಲದು. ವಾಟ್ಸಾಪ್‌ನಲ್ಲಿ ಓಡಾಡೋ ಎಷ್ಟೋ ‘ಪದ ಸಂಶೋಧನೆ’ಗಳು ಅಲ್ಲೇ ಎಡವೋದು. ಬೇಕಾಗಿರೋದು ನಿಯಮ. ಲಿಥುವೇನಿಯನ್‌ನಲ್ಲಿ ಕತ್ತಲೆ ‘ತಮ್ಸಾ’, ಲ್ಯಾಟಿನ್‌ನಲ್ಲಿ ‘ತೆನೆಬ್ರೆ’. ಜರ್ಮನ್‌ನಲ್ಲಿ ಮುಸ್ಸಂಜೆಗೆ ‘ದೆಮರುಂಗ್’. ಅಲ್ಲಿ ‘ತ’ ಹೋಗಿ ‘ದ’ ಯಾಕೆ ಬಂತು? ಸಂಸ್ಕೃತದ ‘ತ್ರಿ’ ಜರ್ಮನ್‌ನಲ್ಲಿ ‘ದ್ರೈ’, ‘ತ್ವಂ’ ಅನ್ನೋದು ‘ದು’. ಅಂದ್ರೆ ಈ ಬದಲಾವಣೆ ಒಂದೇ ಪದದ್ದಲ್ಲ, ಸಾಲುಸಾಲಾಗಿ ಆಗಿರೋದು. ಭಾಷಾವಿಜ್ಞಾನಿಗಳು ನಂಬೋದು ಇದನ್ನೇ.

ಹಳೆಯ ಸ್ಲಾವಿಕ್‌ನಲ್ಲಿ ‘ತ’ ಮತ್ತು ‘ಮ’ ನಡುವೆ ‘ಇ’ಯಂಥ ಒಂದು ಪುಟ್ಟ ಸ್ವರ ಇತ್ತು. ಆಮೇಲೆ ಅದು ಬಿದ್ದುಹೋಯ್ತು, ‘ತ್ಮಾ’ ಉಳೀತು. ಚೆಕ್ ಭಾಷೆಯಲ್ಲೂ ಹಾಗೇ, ‘ತ್ಮಾ’. ಪೋಲಿಷ್‌ನವರದು ಮಾತ್ರ ತಮಾಷೆ: ಅದೇ ಪದ ಅಲ್ಲಿ ‘ಚ್ಮಾ’ ಆಗಿ, ಈಗ ರಾತ್ರಿ ದೀಪಕ್ಕೆ ಮುತ್ತೋ ಪತಂಗದ ಹೆಸರು!

ಇನ್ನೊಂದು ವಿಚಿತ್ರ ಇದೆ. ಹಳೆಯ ರಷ್ಯನ್‌ನಲ್ಲಿ ‘ತ್ಮಾ’ ಅಂದ್ರೆ ಹತ್ತು ಸಾವಿರ ಕೂಡ. ಹತ್ತು ಸಾವಿರ ಸೈನಿಕರ ನಾಯಕ ‘ತೆಮ್ನಿಕ್’. 1380ರಲ್ಲಿ ಕುಲಿಕೊವೊ ಯುದ್ಧದಲ್ಲಿ ರಷ್ಯನ್ನರ ಎದುರು ಸೋತ ಮಮಾಯ್ ಅಂಥವನೇ. ಹಾಗಾಗಿ ಈ ಅರ್ಥ ಮಂಗೋಲರ ಜೊತೆ ಬಂತು ಅಂತ ಅನ್ನಿಸೋದು ಸಹಜ. ಅವರ ಹತ್ತು ಸಾವಿರದ ದಂಡಿಗೂ ‘ತುಮೆನ್’ ಅಂತಲೇ ಹೆಸರು.

ಆದರೆ ಇಸವಿ ನೋಡಿ. ಮಂಗೋಲ್ ಸೈನ್ಯ ರಷ್ಯನ್ ರಾಜರನ್ನ ಮೊದಲು ಎದುರಿಸಿದ್ದು 1223ರಲ್ಲಿ. ಅದಕ್ಕೂ ಮೊದಲೇ, ಹಳೆಯ ಚರ್ಚ್ ಸ್ಲಾವಿಕ್ ಬೈಬಲ್ ಅನುವಾದಗಳಲ್ಲಿ, ಗ್ರೀಕ್‌ನ ‘ಹತ್ತು ಸಾವಿರ’ಕ್ಕೆ ಇದೇ ಪದ ಬಳಸಿದ್ದಾರೆ. ‘ತುಮೆನ್’ ತುರ್ಕಿಕ್ ಭಾಷೆಗಳಲ್ಲೂ ಹಳೆಯದು. ಸ್ಲಾವರು ಆ ಜನರ ಅಕ್ಕಪಕ್ಕ ಇದ್ದವರು. ಅವರಿಂದ ಕೇಳಿದ ಎಣಿಕೆಯ ಪದ, ತಮ್ಮದೇ ಕತ್ತಲೆಯ ಪದದ ಜೊತೆ ಬೆರೆತಿರಬೇಕು ಅನ್ನೋದು ಒಂದು ಬಲವಾದ ವಿವರಣೆ. ಕಣ್ಣಿಗೆ ಸಿಗದಷ್ಟು ಜನ, ಲೆಕ್ಕಕ್ಕೆ ಸಿಗದಷ್ಟು ಜನ, ಎರಡೂ ಹತ್ತಿರಾನೇ ಅಲ್ವಾ?

ಇವತ್ತಿಗೂ ಜಾತ್ರೆಯಂಥ ಗುಂಪು ಕಂಡರೆ ರಷ್ಯನ್ನರು ‘ತ್ಮಾ ನರೋದು’ ಅಂತಾರೆ. ಮಾತಿಗೆ ಮಾತು ಇಟ್ಟರೆ, ‘ಜನರ ಕತ್ತಲೆ’.