ಇಪ್ಪತ್ತೇಳು ಗಜದ ಲೆಕ್ಕ

ಅಮೆರಿಕದ ಕಾಲೇಜು ಫುಟ್‌ಬಾಲ್ ಹುಚ್ಚು ನನಗೆ ಅಂಟಿದ್ದು ಅಲ್ಲಿನ ಸಹೋದ್ಯೋಗಿಗಳಿಂದ. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಎದುರಾಳಿಗಳ ನಡುವೆ ನುಗ್ಗಿ ಓಡುವವನೇ ರನ್ನಿಂಗ್ ಬ್ಯಾಕ್. 2024ರ ಸೀಸನ್ನಿನಲ್ಲಿ ಬಾಯ್ಸಿ ಸ್ಟೇಟ್‌ನ ಆಷ್ಟನ್ ಜೆಂಟಿ 2,601 ಗಜ ಓಡಿದ. 1988ರಲ್ಲಿ ಒಕ್ಲಹೋಮ ಸ್ಟೇಟ್‌ನ ಬ್ಯಾರಿ ಸ್ಯಾಂಡರ್ಸ್ ಮಾಡಿದ್ದ 2,628ರ ದಾಖಲೆಗೆ ಬರೀ 27 ಗಜ ಕಮ್ಮಿ! ಇಬ್ಬರೂ ಸರಿಸಮ ಅಂದುಬಿಟ್ಟರು ಗೆಳೆಯರು.

ಸ್ವಲ್ಪ ತಾಳಿ. ಜೆಂಟಿ ಆಡಿದ್ದು 14 ಪಂದ್ಯ, ಸ್ಯಾಂಡರ್ಸ್ ಲೆಕ್ಕ 11 ಪಂದ್ಯಗಳದ್ದು. ಕ್ರಿಕೆಟ್ ನೋಡಿ ಬೆಳೆದವನು ನಾನು, ಸರಾಸರಿ ತೆಗೆದೆ: ಪಂದ್ಯಕ್ಕೆ ಸ್ಯಾಂಡರ್ಸ್‌ದು ಸುಮಾರು 239 ಗಜ, ಜೆಂಟಿಯದು 186. ಅಷ್ಟೇ ಅಲ್ಲ, ಸೀಸನ್ನಿನ ಕೊನೆಗೆ ಹಾಲಿಡೇ ಬೌಲ್‌ನಲ್ಲಿ ವಯೋಮಿಂಗ್ ವಿರುದ್ಧ ಸ್ಯಾಂಡರ್ಸ್ ಇನ್ನೂ 222 ಗಜ ಓಡಿದ್ದ. ಆದರೆ ಬೌಲ್ ಪಂದ್ಯಗಳ ಅಂಕಿ ದಾಖಲೆಗೆ ಸೇರತೊಡಗಿದ್ದು 2002ರಿಂದ, ಹಳೆಯದನ್ನು ತಿದ್ದಲಿಲ್ಲ. ಜೆಂಟಿಯ ಮೊತ್ತದಲ್ಲಿ ಫಿಯೆಸ್ಟಾ ಬೌಲ್‌ನ 104 ಗಜವೂ ಇದೆ. (ಒಂದೇ ಟೇಬಲ್ಲಿನಲ್ಲಿ ಎರಡು ನಿಯಮದ ಡೇಟಾ, ಡೇಟಾಬೇಸ್ ಕೆಲಸ ಮಾಡೋರಿಗೆ ಗೊತ್ತು ಈ ಸಂಕಟ!)

ಹಾಗಂತ ಜೆಂಟಿ ಕಮ್ಮಿಯವನಲ್ಲ. ಹಿಡಿದರೂ ಬೀಳುತ್ತಿರಲಿಲ್ಲ ಅವನು. ಸ್ಯಾಂಡರ್ಸ್ ಕೈಗೇ ಸಿಗುತ್ತಿರಲಿಲ್ಲ. ನನ್ನ ಓಟು ಮಾತ್ರ ಸ್ಯಾಂಡರ್ಸ್‌ಗೆ. ಅಂದಹಾಗೆ, ಅದಕ್ಕೂ ಮುಂಚಿನ ಎರಡು ವರ್ಷ ಅವನು ತನ್ನ ಕಾಲೇಜಿನಲ್ಲೇ ಥರ್ಮನ್ ಥಾಮಸ್ ಎಂಬ ಇನ್ನೊಬ್ಬ ಓಟಗಾರನಿಗೆ ಬದಲಿ ಆಟಗಾರನಾಗಿದ್ದ!