ಭಾನುವಾರಕ್ಕೆ ಬಿದ್ದ ಬೀಗ

ನಮ್ಮ ದಾದಿಯ ತಗಡಿನ ಪೆಟ್ಟಿಗೆಯಲ್ಲಿ ಉರ್ದು ಪತ್ರಗಳ ಒಂದು ಕಟ್ಟಿತ್ತು. ಅರವತ್ತರ ದಶಕದಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತ್ಯದ ಸಣ್ಣ ಊರೊಂದರ ಉಣ್ಣೆ ಗಿರಣಿಯಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದ ನಮ್ಮ ಚಾಚಾ ಬರೆದ ಪತ್ರಗಳವು. ದಾದಿಗೆ ಓದು ಬಾರದು. ಎಷ್ಟೋ ವರ್ಷಗಳ ನಂತರವೂ ಅವನ್ನು ಮತ್ತೆ ಮತ್ತೆ ಬಿಡಿಸಿ ನಮ್ಮಿಂದ ಓದಿಸುತ್ತಿದ್ದರು. “ಅಮ್ಮೀ, ಇಲ್ಲಿ ಭಾನುವಾರ ಬಂತೆಂದರೆ ಊರೇ ಸತ್ತಂತಿರುತ್ತದೆ” ಎಂಬ ಮಾತು ಪ್ರತಿ ಪತ್ರದಲ್ಲೂ ಇರುತ್ತಿತ್ತು.

ಈ ಮೌನದ ಹಿಂದೆ ಕಾನೂನಿತ್ತೆಂದು ನಮಗೆ ತಿಳಿದದ್ದು ದೊಡ್ಡವರಾದ ಮೇಲೆ. 1780ರ ಕಾಯ್ದೆಯ ಪ್ರಕಾರ ಭಾನುವಾರ ಹಣ ಪಡೆದು ಜನರನ್ನು ಒಳಗೆ ಬಿಡುವ ಮನರಂಜನೆಯಾಗಲಿ, ಸಾರ್ವಜನಿಕ ಚರ್ಚೆಯಾಗಲಿ ಅಪರಾಧ. ನಡೆಸಿದವನಿಗೆ ಒಂದೊಂದು ಭಾನುವಾರಕ್ಕೆ 200 ಪೌಂಡ್ ದಂಡ. ಹಣ ಪಡೆಯದಿದ್ದರೆ ಅಡ್ಡಿಯಿಲ್ಲ. ಸ್ವಂತ ಬಂಗಲೆಯಲ್ಲಿ ಸಂಗೀತ ಕೂಟ ಇಟ್ಟುಕೊಳ್ಳಬಲ್ಲ ಶ್ರೀಮಂತನಿಗೆ ಇದರಿಂದ ಆಗುವ ನಷ್ಟವೇನು? ಬೀಗ ಬಿದ್ದದ್ದು ಆರು ದಿನ ದುಡಿದು, ಏಳನೆಯ ದಿನ ನಾಲ್ಕು ಕಾಸು ಕೊಟ್ಟು ನಗಲು ಬಯಸಿದವನ ಬಾಗಿಲಿಗೆ.

1932ರ ಭಾನುವಾರದ ಮನರಂಜನೆ ಕಾಯ್ದೆ ಈ ಬೀಗವನ್ನು ಅರ್ಧ ತೆರೆಯಿತು. ಆವರೆಗೆ ಭಾನುವಾರದ ಸಿನಿಮಾ ರೂಢಿಯಿಲ್ಲದ ಊರುಗಳಲ್ಲಿ ಸ್ಥಳೀಯರ ಒಪ್ಪಿಗೆ ಬೇಕಿತ್ತು. ಇದಕ್ಕಾಗಿ ಮತದಾನವೂ ನಡೆಯುತ್ತಿತ್ತು. ಗಳಿಕೆಯಲ್ಲಿ ಒಂದು ಪಾಲು ದಾನಕ್ಕೆ ಹೋಗಬೇಕಿತ್ತು. ನಾಟಕಗಳು ಮಾತ್ರ 1972ರವರೆಗೆ ಕಾಯಬೇಕಾಯಿತು.

ಚಾಚಾನಂತಹ ವಲಸೆ ಕಾರ್ಮಿಕರು ಸಿನಿಮಾ ಮಂದಿರಗಳನ್ನು ಭಾನುವಾರ ಬಾಡಿಗೆಗೆ ಹಿಡಿದು ಹಿಂದಿ ಚಿತ್ರಗಳನ್ನು ಹಾಕಿಸುತ್ತಿದ್ದರು. ಇಲ್ಲಿ ಸಿನಿಮಾ ನೋಡಿದ್ದಕ್ಕೆ ದಾದಾನಿಂದ ಏಟು ತಿಂದಿದ್ದ ಚಾಚಾ, ಅಲ್ಲಿ ಪರದೆಯ ಮೇಲೆ ತನ್ನ ಮಾತು ಕೇಳಿ ಅತ್ತುಬಿಟ್ಟನಂತೆ. ಆ ಪತ್ರವನ್ನು ದಾದಿ ದಾದಾನ ಕೈಗೆ ಸಿಗದಂತೆ ಬೇರೆಯಾಗಿ ಇಟ್ಟಿದ್ದರು.

“ಬೀಗ ಹಾಕಿದರೆ ಜನ ದೇವರ ಮನೆಗೇ ಹೋಗುತ್ತಾರೇನು?” ಎಂದು ದಾದಿ ಕೇಳುತ್ತಿದ್ದರು. ಭಕ್ತಿಯನ್ನು ಕಾನೂನಿನಿಂದ ಕಾಯಲು ಹೊರಟ ಎಲ್ಲರಿಗೂ, ನಮ್ಮವರನ್ನೂ ಸೇರಿಸಿ, ಈ ಪ್ರಶ್ನೆ ಸಲ್ಲುತ್ತದೆ.

ಆದರೆ ಆ 1932ರ ಕಾಯ್ದೆಯಲ್ಲಿ ನಾವು ಮರೆಯಬಾರದ ಒಂದು ಷರತ್ತಿತ್ತು: ಹಿಂದಿನ ಆರೂ ದಿನ ದುಡಿದವರನ್ನು ಭಾನುವಾರ ಸಿನಿಮಾ ಮಂದಿರದಲ್ಲಿ ದುಡಿಸುವಂತಿಲ್ಲ. ಬಿಡುವಿನ ದಿನದ ನಿಜವಾದ ಅರ್ಥ ಇದ್ದದ್ದು ಬೀಗದಲ್ಲಲ್ಲ, ಇಲ್ಲಿ. ಇದನ್ನು ಹೇಳಿದಾಗ ಒಲೆಯ ಮುಂದೆ ಕೂತಿದ್ದ ದಾದಿ ತಿರುಗಿ ನೋಡದೆ ಕೇಳಿದ್ದರು:

“ಆ ಕಾನೂನು ಅಡುಗೆಮನೆಗೂ ಬಂತೇನು?”

ನಮ್ಮಲ್ಲಿ ಉತ್ತರವಿರಲಿಲ್ಲ. ಅಂದು ಶುಕ್ರವಾರ. ಜುಮಾ ಮುಗಿಸಿ ಬರುವ ಗಂಡಸರಿಗಾಗಿ ಅನ್ನ ಬೇಯುತ್ತಿತ್ತು.